ಓಣಿ ಕಡೆಯ ಬಾಗಿಲು: ದಾವಣಗೆರೆಯಲ್ಲಿ ಸಂಘದ ತೋಟವೊಂದು ಊರ ಪಾರ್ಕ್ ಆದ ಪ್ರಕರಣ

ದಾವಣಗೆರೆಯ ಹಳೇ ಬಡಾವಣೆಯೊಂದರ ನಡುವೆ ಈ ತೋಟವಿದೆ. ಪೂರ್ವ-ಪಶ್ಚಿಮ 231 ಅಡಿ, ಉತ್ತರ-ದಕ್ಷಿಣ 198 ಅಡಿ, ಲೆಕ್ಕ ಹಾಕಿದರೆ ಸರಿಯಾಗಿ 1 ಎಕರೆ 2 ಗುಂಟೆ. ಬಡಾವಣೆ ಮಾಡಿದ್ದು ಒಂದು ಗೃಹ ನಿರ್ಮಾಣ ಸಹಕಾರ ಸಂಘ. ಉತ್ತರ, ಪೂರ್ವ, ಪಶ್ಚಿಮ ಮೂರು ದಿಕ್ಕಿಗೂ ಸಂಘದ ಸದಸ್ಯರ ಮನೆಗಳು, ಒಟ್ಟು 44. ದಕ್ಷಿಣಕ್ಕೆ ಮಾತ್ರ ಬಡಾವಣೆಗಿಂತ ಹಳೆಯ ಓಣಿ: ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಿಂದ ಕೂಲಿ ಮಾಡುವವರು ಇರುವ ಸಾಲುಮನೆಗಳು. ತೋಟಕ್ಕೆ ಇದ್ದದ್ದು ಒಂದೇ ಗೇಟು, ಉತ್ತರಕ್ಕೆ, 12 ಅಡಿ ಅಗಲದ್ದು. ಅದಕ್ಕೆ ಸರಪಳಿ, ಸರಪಳಿಗೆ ಬೀಗ, ಬೀಗಕ್ಕೆ 44 ಕೀಲಿಕೈ. ಗೇಟಿನ ಮೇಲೆ ‘ಸಂಘದ ಸದಸ್ಯರಿಗೆ ಮಾತ್ರ’ ಎಂಬ ಬೋರ್ಡು.

ಈ ತೋಟ ಎಲ್ಲರಿಗೂ ತೆರೆದದ್ದು ಹೇಗೆ, ಎಲ್ಲಿ ಎಡವಿತು, ಯಾವುದು ಇನ್ನೂ ಬಾಕಿ ಇದೆ ಎಂಬುದು ಇಲ್ಲಿನ ವಿಷಯ. ಬಡಾವಣೆಯ ಹೆಸರನ್ನೂ ಮನೆಯವರ ಹೆಸರನ್ನೂ ಬಿಟ್ಟಿದ್ದೇವೆ. ಅಳತೆ, ಕಾಗದ, ಕೆಲಸದ ಕ್ರಮ ಇದ್ದ ಹಾಗೇ ಇವೆ. ಇಂಥ ತೋಟ ಇರುವ ಬೇರೆ ಸಂಘದವರಿಗೆ ಬೇಕಾಗುವುದೂ ಅವೇ.

ಬೀಗ ಬಿದ್ದದ್ದು ಯಾಕೆ

ಬೀಗದ ಹಿಂದೆ ಕೆಟ್ಟ ಬುದ್ಧಿ ಇತ್ತು ಎಂದುಕೊಂಡು ಹೊರಟರೆ ಕೆಲಸ ಮೊದಲ ಸಭೆಯಲ್ಲೇ ನಿಲ್ಲುತ್ತದೆ. ಇಲ್ಲಿ ಬೀಗ ಹಾಕಿಸಿದ್ದು ದುಡ್ಡಿನ ಲೆಕ್ಕ. ಮನೆಗೆ ತಿಂಗಳಿಗೆ 200 ರೂಪಾಯಿ ಎಂದು ಗೊತ್ತು ಮಾಡಿದ್ದರು, ಬರಬೇಕಾದದ್ದು 8,800. ಕೊಡುತ್ತಿದ್ದವರು 27 ಮನೆಯವರು, ಬರುತ್ತಿದ್ದದ್ದು 5,400. ಅದರಲ್ಲೇ ಮಾಲಿಯ ಸಂಬಳ, ಬೋರ್‌ವೆಲ್ಲಿನ ಕರೆಂಟು, ಬೇಸಿಗೆಯಲ್ಲಿ ಟ್ಯಾಂಕರ್ ನೀರು ನಡೆಯಬೇಕಿತ್ತು.

ತೋಟದ ಅರ್ಧದಷ್ಟು, ಸುಮಾರು 2,000 ಚದರ ಮೀಟರ್, ಹುಲ್ಲುಹಾಸು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಹುಲ್ಲು ಹಸಿರಾಗಿರಬೇಕೆಂದರೆ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಹಿಡಿಯಬೇಕು, ಅಂದರೆ ದಿನಕ್ಕೆ 10,000 ಲೀಟರ್. ಬೋರು ಕೈಕೊಟ್ಟ ದಿನ 4,500 ಲೀಟರಿನ ಟ್ಯಾಂಕರ್ ಎರಡು ಬಂದರೂ ಸಾಲದು. ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸಿನ ಮಳೆ. ಅಂಥ ಊರಲ್ಲಿ ಅರ್ಧ ತೋಟಕ್ಕೆ ಹುಲ್ಲು ಹಾಸಿದವರು ಆಗಲೇ ಬೀಗಕ್ಕೆ ದಾರಿ ಮಾಡಿಕೊಟ್ಟಿದ್ದರು. ಹುಲ್ಲು ತುಳಿದರೆ ಹಾಳು, ಹಾಳಾದರೆ ಖರ್ಚು, ಅದಕ್ಕೇ ಯಾರೂ ತುಳಿಯಬಾರದು. ಕೊನೆಗೆ ಕೀಲಿಕೈ ಇದ್ದ 44 ಮನೆಯವರೂ ಒಳಗೆ ಹೋಗುವುದನ್ನು ಬಿಟ್ಟಿದ್ದರು.

ಓಣಿಯವರಿಗೆ ತೋಟದಿಂದ ಸಿಗುತ್ತಿದ್ದದ್ದು ಒಂದೇ: ನೀರು. ತೋಟ ಉತ್ತರದಿಂದ ದಕ್ಷಿಣಕ್ಕೆ ಇಳಿಜಾರು, ಓಣಿಗಿಂತ ಒಂದೂವರೆ ಅಡಿ ಎತ್ತರ. ಮಳೆ ಬಂದಾಗಲೆಲ್ಲ ದಕ್ಷಿಣದ ಗೋಡೆಯ ತೂತಿನಿಂದ ಕೆಸರು ನೀರು ಓಣಿಯ ಮನೆಗಳ ಹೊಸ್ತಿಲಿಗೆ ಬರುತ್ತಿತ್ತು. ಗೋಡೆ ಒಳಗಿನಿಂದ ಐದಡಿ, ಓಣಿಯಿಂದ ನೋಡಿದರೆ ಆರೂವರೆ ಅಡಿ, ತುದಿಗೆ ಗಾಜಿನ ಚೂರು. ಮರದ ನೆರಳು ಕೂಡ ಗೋಡೆಯಿಂದಾಚೆ ಬೀಳುತ್ತಿರಲಿಲ್ಲ. ಕೊಂಬೆ ಆ ಕಡೆ ಚಾಚಿದಾಗಲೆಲ್ಲ ಕಡಿಸಿದ್ದರು.

ಜಾಗ ಯಾರದು

ಮೊದಲು ಮಾಡಿದ್ದು ಕಾಗದದ ಕೆಲಸ, ಮಾಡಬೇಕಾದದ್ದೂ ಹಾಗೇ. ಬೇಕಾದವು ಇವು: ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ, ಸಂಘ ಜಮೀನು ಕೊಂಡ ಮೂಲ ಕ್ರಯಪತ್ರ, ಅಂದಿನಿಂದ ಇಂದಿನವರೆಗಿನ ಋಣಭಾರ ಪ್ರಮಾಣಪತ್ರ (ಎಲ್ಲರೂ ಇ.ಸಿ. ಎನ್ನುವುದು), ಸರ್ವೆ ಸ್ಕೆಚ್, ಮತ್ತು ಪಾಲಿಕೆಯ ಖಾತೆ ಯಾರ ಹೆಸರಲ್ಲಿದೆ ಎಂಬುದರ ದಾಖಲೆ. ಸಂಘದ ಕಪಾಟಿನಲ್ಲಿ ನಕ್ಷೆಯ ಜೆರಾಕ್ಸ್ ಮಾತ್ರ ಇತ್ತು, ಅದರಲ್ಲೂ ಮೂಲೆ ಹರಿದಿತ್ತು. ದೃಢೀಕೃತ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕಾಯಿತು. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಕ್ಷೆ ಬಂದಾಗ ತೋಟದ ಜಾಗದ ಮೇಲೆ ‘ಉದ್ಯಾನ’ ಎಂದು ಬರೆದಿತ್ತು. ಅರ್ಧ ವಾದ ಅಲ್ಲಿಗೇ ಮುಗಿಯಿತು.

ಅರ್ಧ ಎಂದದ್ದಕ್ಕೆ ಕಾರಣವಿದೆ. ಉದ್ಯಾನವೆಂದು ತೋರಿಸಿ ಬಡಾವಣೆಗೆ ಅನುಮೋದನೆ ಪಡೆದ ಮೇಲೆ ಆ ಜಾಗವನ್ನು ಸಂಘ ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಆದರೆ ನಕ್ಷೆಯಲ್ಲಿ ತೋರಿಸಿದ ಮಾತ್ರಕ್ಕೆ ಅದು ಪಾಲಿಕೆಯ ಆಸ್ತಿ ಆಗಿಬಿಡುವುದೂ ಇಲ್ಲ. ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1990ರ ದಶಕದಲ್ಲೇ ಇದನ್ನು ಹೇಳಿದೆ. ಹಕ್ಕು ಕೈ ಬದಲಾಗಬೇಕಾದರೆ ನೋಂದಾಯಿತ ಪತ್ರ ಬೇಕು.

ಸಭೆಯಲ್ಲಿ ಮೂರು ದಾರಿಗಳ ಚರ್ಚೆ ಆಯಿತು. ಹಕ್ಕು ಸಂಘದಲ್ಲೇ ಇಟ್ಟುಕೊಂಡು ನಿರ್ಣಯ ಮಾಡಿ ಗೇಟು ತೆಗೆಯುವುದು ಒಂದು. ಪಾಲಿಕೆಗೆ ಕೆಲವು ವರ್ಷದ ಗುತ್ತಿಗೆ ಕೊಡುವುದು ಇನ್ನೊಂದು. ಹಕ್ಕನ್ನೇ ಬಿಟ್ಟುಕೊಡುವುದು, ಕಚೇರಿ ಭಾಷೆಯಲ್ಲಿ ರಿಲಿಂಕ್ವಿಷ್‌ಮೆಂಟ್ ಡೀಡ್, ಮೂರನೆಯದು. ನಾವು ಹೇಳುವುದಾದರೆ ಮೂರನೆಯದೇ ಸರಿ, ಸಂಘ ಕೊನೆಗೆ ಹಿಡಿದದ್ದೂ ಅದನ್ನೇ. ಒಂದು ಕಮಿಟಿ ನಿರ್ಣಯ ಮಾಡಿ ತೆಗೆದ ಬೀಗವನ್ನು ಮುಂದಿನ ಕಮಿಟಿ ನಿರ್ಣಯ ಮಾಡಿಯೇ ಹಾಕಬಲ್ಲದು. ಮರದ ಕೊಂಬೆ ಬಿದ್ದು ಯಾರಿಗಾದರೂ ಪೆಟ್ಟಾದರೆ ಹೊಣೆ ಯಾರದು ಎಂಬ ಪ್ರಶ್ನೆಗೂ ಮೊದಲಿನ ಎರಡು ದಾರಿಗಳಲ್ಲಿ ನೆಟ್ಟಗಿನ ಉತ್ತರವಿಲ್ಲ.

ಹಕ್ಕು ಬಿಡುವುದಕ್ಕೆ ಎದ್ದ ದೊಡ್ಡ ಅಂಜಿಕೆ: ‘ಪಾಲಿಕೆಗೆ ಕೊಟ್ಟರೆ ನಾಳೆ ಅಲ್ಲೊಂದು ಟ್ಯಾಂಕು, ನಾಡಿದ್ದು ಒಂದು ಕಟ್ಟಡ.’ ಇದು ಸುಮ್ಮನೆ ತಳ್ಳಿಹಾಕುವ ಮಾತಲ್ಲ. ಇದಕ್ಕೆ ಎರಡು ಆಧಾರ ಇಟ್ಟರು. ಒಂದು, ಉದ್ಯಾನ ಮತ್ತು ಆಟದ ಬಯಲುಗಳ ರಕ್ಷಣೆಗೆಂದೇ ಇರುವ ಕರ್ನಾಟಕದ 1985ರ ಕಾಯ್ದೆ. ಇನ್ನೊಂದು, ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಪಾರ್ಕ್ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಸುಪ್ರೀಂ ಕೋರ್ಟು 1991ರಲ್ಲಿ ರದ್ದು ಮಾಡಿದ ತೀರ್ಪು. ಜೊತೆಗೆ ಡೀಡಿನಲ್ಲೇ ಮೂರು ಸಾಲು ಸೇರಿಸಿದರು: ಜಾಗ ಸಾರ್ವಜನಿಕ ಉದ್ಯಾನಕ್ಕೆ ಮಾತ್ರ; ಶೌಚಾಲಯ, ಪಂಪಿನ ಗೂಡು ಬಿಟ್ಟರೆ ಚಾವಣಿ ಇರುವ ಕಟ್ಟಡ ಇಲ್ಲ; ಎರಡೂ ದಿಕ್ಕಿನ ಗೇಟು ಹಗಲು ತೆರೆದಿರಬೇಕು. ಮೂರನೆಯ ಸಾಲು ಯಾಕೆ ಬೇಕಾಯಿತು ಎಂಬುದು ಮುಂದೆ ಬರುತ್ತದೆ. ಮೂಲೆಯಲ್ಲೊಂದು ಗುಡಿ ಕಟ್ಟುವ ಮಾತೂ ಬಂತು. ಸಾರ್ವಜನಿಕ ಜಾಗದಲ್ಲಿ ಹೊಸ ಪ್ರಾರ್ಥನಾ ಮಂದಿರ ಕಟ್ಟಬಾರದೆಂದು ಸುಪ್ರೀಂ ಕೋರ್ಟು 2009ರ ಸೆಪ್ಟೆಂಬರಿನಲ್ಲಿ ಆದೇಶ ಮಾಡಿದೆ ಎಂದು ಓದಿ ಹೇಳಿದ ಮೇಲೆ ಆ ಮಾತು ನಿಂತಿತು.

ಸರ್ವೆಯವರು ಸರಪಳಿ ಎಳೆದ ದಿನ ಇನ್ನೊಂದು ಸಂಗತಿ ಹೊರಬಿತ್ತು. ಪೂರ್ವದ ಮನೆಯೊಂದರ ಕಾರ್ ಶೆಡ್ಡು ತೋಟದೊಳಗೆ ಆರಡಿ ಬಂದಿತ್ತು, 40 ಅಡಿ ಉದ್ದಕ್ಕೆ, ಅಂದರೆ 240 ಚದರ ಅಡಿ. ಡೀಡಿನ ಚೆಕ್ಕುಬಂದಿ ಜಾಗದ ಅಳತೆಗೆ ತಾಳೆಯಾಗದಿದ್ದರೆ ಮುಂದೆ ಅದೇ ತಕರಾರಿಗೆ ಮೂಲ. ಅದಕ್ಕೇ ನೋಂದಣಿಗೆ ಮೊದಲೇ ಶೆಡ್ಡು ಹಿಂದಕ್ಕೆ ಸರಿಯಬೇಕಾಯಿತು. ಅದಕ್ಕೆ ಎರಡು ತಿಂಗಳು ಹಿಡಿಯಿತು. ಇಂಥ ಕೆಲಸಕ್ಕೆ ಕೈ ಹಾಕುವವರು ಸರ್ವೆಯನ್ನು ಸಭೆಗಿಂತ ಮೊದಲೇ ಮಾಡಿಸುವುದು ಒಳ್ಳೆಯದು. ವಿರೋಧದ ಮಾತಿಗೆ ಬೇರು ಎಲ್ಲಿದೆ ಎಂಬುದು ಆಗಲೇ ಗೊತ್ತಾಗುತ್ತದೆ.

ಪಂಚಮಿಯ ಜೋಕಾಲಿ

ಕಾಗದದ ಕೆಲಸ ನಡೆಯುತ್ತಿರುವಾಗಲೇ ಒಂದು ದಿನದ ಮಟ್ಟಿಗೆ ತೋಟ ತೆರೆದು ನೋಡೋಣ ಎಂದಾಯಿತು. ಆರಿಸಿದ್ದು ನಾಗರ ಪಂಚಮಿಯನ್ನು. ನಮ್ಮ ಕಡೆ ಪಂಚಮಿ ಅಂದರೆ ಉಂಡಿ ಮತ್ತು ಜೋಕಾಲಿ. ಓಣಿಯಲ್ಲಿ ಜೋಕಾಲಿ ಕಟ್ಟಲು ಮರವಿಲ್ಲ, ತೋಟದ ನೈರುತ್ಯದ ಮೂಲೆಯಲ್ಲಿ ದೊಡ್ಡ ಹುಣಸೆಮರವಿದೆ.

ಜೋಕಾಲಿಯ ವಿವರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮೊದಲ ದಿನವೇ ಒಬ್ಬರು ಬಿದ್ದರೆ ತೋಟ ಮತ್ತೆ ತೆರೆಯುವುದಿಲ್ಲ. ನೆಲದಿಂದ 16 ಅಡಿ ಎತ್ತರದ, ಬುಡದಲ್ಲಿ 10 ಅಂಗುಲ ದಪ್ಪದ ಕೊಂಬೆ ಆರಿಸಿದರು. ಕೊಂಬೆಯನ್ನು ಸುತ್ತಿಗೆಯಿಂದ ತಟ್ಟಿ ನೋಡಿದರು. ಟೊಳ್ಳಿದ್ದರೆ ಸದ್ದಿನಲ್ಲೇ ತಿಳಿಯುತ್ತದೆ. ಹಗ್ಗ 20 ಮಿ.ಮೀ. ದಪ್ಪದ್ದು. ಹಗ್ಗ ಮತ್ತು ತೊಗಟೆಯ ನಡುವೆ ನಾಲ್ಕು ಮಡಿಕೆಯ ಗೋಣಿಚೀಲ ಸುತ್ತಿದರು. ಇಲ್ಲದಿದ್ದರೆ ಹಗ್ಗವೂ ಸವೆಯುತ್ತದೆ, ತೊಗಟೆಯೂ ಸುಲಿಯುತ್ತದೆ. ಇಬ್ಬರು ನಿಂತು ಜೀಕಿದರೆ ಮೈಭಾರ 110 ಕಿಲೋ ಇದ್ದರೂ, ಜೋಕಾಲಿ ಕೆಳಗೆ ಬರುವ ಗಳಿಗೆಯಲ್ಲಿ ಹಗ್ಗಕ್ಕೆ ಬೀಳುವ ಭಾರ ಅದರ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಅದಕ್ಕೆಂದು 50 ಕಿಲೋದ ಐದು ಮರಳಿನ ಚೀಲ ಕಟ್ಟಿ ಹಿಂದಿನ ದಿನ ಒಂದು ತಾಸು ತೂಗಿಬಿಟ್ಟಿದ್ದರು. ಹಿಂದೆ ಮುಂದೆ 16 ಅಡಿ ಜಾಗ ಖಾಲಿ ಮಾಡಿ ಸುಣ್ಣದ ಗೆರೆ ಹಾಕಿದರು.

ಗೇಟು ಬೆಳಿಗ್ಗೆ ಏಳಕ್ಕೆ ತೆರೆಯಿತು. ಹತ್ತು ಗಂಟೆಯವರೆಗೂ ಓಣಿಯಿಂದ ಯಾರೂ ಬರಲಿಲ್ಲ. ಓಣಿಯ ನಡುವಿನಿಂದ ಉತ್ತರದ ಗೇಟಿಗೆ ಸುತ್ತಿಕೊಂಡು ಬರಲು 430 ಅಡಿ, ಹೆಚ್ಚೇನಲ್ಲ. ಆದರೆ ಓಣಿ ದಾಟಿದ ಮೇಲೆ ಉಳಿದ ದಾರಿಯೆಲ್ಲ ಸದಸ್ಯರ ಮನೆಗಳ ಮುಂದೆ. ಮೊದಲು ಹೊರಟ ನಾಲ್ಕು ಹುಡುಗಿಯರನ್ನು ಮೂಲೆಮನೆಯ ಹಿರಿಯರೊಬ್ಬರು ಒಳ್ಳೆಯ ಮಾತಿನಲ್ಲೇ ಕೇಳಿದರು:

‘ಯಾರ ಮನೆಗೆ ಹೊಂಟಿದೀರಮ್ಮ?’

‘ಜೋಕಾಲಿ ಆಡಾಕೆ ಬಂದೀವ್ರಿ ಅಮ್ಮಾರೆ.’

‘ಹೌದಾ, ಹೋಗ್ರಿ ಹೋಗ್ರಿ.’

ಪ್ರಶ್ನೆಯಲ್ಲಿ ತಪ್ಪಿಲ್ಲ, ಕೇಳಿದವರಲ್ಲೂ ತಪ್ಪಿಲ್ಲ. ಆದರೂ ಪಾರ್ಕಿಗೆ ಹೋಗಲು ಯಾಕೆ ಬಂದಿದ್ದೇವೆಂದು ಹೇಳಬೇಕಾಗಿ ಬಂದರೆ ಅದು ಇನ್ನೂ ಪಾರ್ಕ್ ಆಗಿಲ್ಲ. ಮಧ್ಯಾಹ್ನದ ಮೇಲೆ ಓಣಿಯವರು ಗುಂಪಾಗಿಯೇ ಬಂದರು, ಸಂಜೆವರೆಗೆ ಹಗ್ಗ ಖಾಲಿ ಇರಲಿಲ್ಲ. ಗೇಟು ಹಾಕುವಾಗ ಒಬ್ಬ ಹುಡುಗಿ ‘ನಾಳೆನೂ ತೆಗಿತೀರೇನ್ರಿ?’ ಎಂದು ಕೇಳಿದ್ದು ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲೂ ಬಂತು.

ಪಂಚಮಿಯಾದ ಮೇಲೆ ಆರು ವಾರ ತೋಟ ಬೆಳಿಗ್ಗೆ ಸಂಜೆ ತೆರೆದೇ ಇತ್ತು. ಬರುತ್ತಿದ್ದವರು ಬಹುಪಾಲು ವಾಕಿಂಗಿನವರು, ಮೂರು ದಿಕ್ಕಿನ ಮನೆಗಳವರು ಮತ್ತು ಆಚೆ ರಸ್ತೆಯವರು. ಓಣಿಯವರು ಬೆರಳೆಣಿಕೆ. ಬೋರ್ಡು ಬದಲಾಗಿತ್ತು, ಬೀಗ ಹೋಗಿತ್ತು, ಆದರೂ ತೋಟ ಉತ್ತರ ದಿಕ್ಕಿನವರದ್ದೇ ಆಗಿ ಉಳಿದಿತ್ತು.

ಇಲ್ಲಿ ಲಂಡನ್ನಿನ ಚೌಕ ತೋಟಗಳನ್ನು ನೆನೆಯುವುದು ಒಳ್ಳೆಯದು. ಸುತ್ತಲಿನ ಮನೆಯವರ ಹತ್ತಿರ ಮಾತ್ರ ಕೀಲಿಕೈ ಇರುವ ತೋಟಗಳು ಅಲ್ಲಿ ಬಹಳ. 1931ರ ಕಾಯ್ದೆ ಅಂಥ 461 ಚೌಕಗಳಲ್ಲಿ ಕಟ್ಟಡ ಏಳದಂತೆ ಕಾಪಾಡಿತು. ಆದರೆ ಒಳಗೆ ಹೋಗುವ ಹಕ್ಕನ್ನು ಊರವರಿಗೆ ಅದು ಕೊಡಲಿಲ್ಲ, ಹಲವು ಇಂದಿಗೂ ಬೀಗದಲ್ಲಿವೆ. ಅದಕ್ಕೂ ಬಹಳ ಮೊದಲೇ, 1874ರಲ್ಲಿ, ಲೆಸ್ಟರ್ ಸ್ಕ್ವೇರನ್ನು ಆಲ್ಬರ್ಟ್ ಗ್ರಾಂಟ್ ಎಂಬಾತ ಕೊಂಡು, ತೋಟ ಮಾಡಿಸಿ, ಊರ ಆಡಳಿತಕ್ಕೆ ಒಪ್ಪಿಸಿದ್ದ. ತೋಟ ಉಳಿಯುವುದು ಬೇರೆ, ತೆರೆಯುವುದು ಬೇರೆ. ನಮ್ಮ 1985ರ ಕಾಯ್ದೆಯೂ ಉಳಿಸುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಗೇಟು ಯಾವ ದಿಕ್ಕಿಗಿರಬೇಕು ಎಂಬುದನ್ನು ಊರಿನವರೇ ನಿಶ್ಚಯಿಸಬೇಕು.

ದಕ್ಷಿಣದ ಗೇಟು

ಎಲ್ಲಕ್ಕಿಂತ ಜಗ್ಗಾಟ ನಡೆದದ್ದು ಇದಕ್ಕೇ. ‘ಪಾರ್ಕ್ ತೆಗೆಯಿರಿ, ಆದರೆ ಆ ಕಡೆ ಬಾಗಿಲು ಬೇಡ’ ಎಂದವರು ಕಡಿಮೆಯಿರಲಿಲ್ಲ. ಅವರು ಕೊಟ್ಟ ಕಾರಣಗಳಲ್ಲಿ ಒಂದು ನಿಜವಾದದ್ದು: ಓಣಿಯಿಂದ ದೊಡ್ಡ ರಸ್ತೆಗೆ ಬೈಕುಗಳು ತೋಟದೊಳಗಿಂದಲೇ ಅಡ್ಡದಾರಿ ಹಿಡಿಯುತ್ತವೆ. ಇದಕ್ಕೆ ಎಲ್ಲರೂ ಮೊದಲು ಹೇಳುವುದು ತಿರುಗುವ ಗೇಟು. ಅದು ಬೈಕನ್ನು ತಡೆಯುತ್ತದೆ, ಜೊತೆಗೆ ಗಾಲಿಕುರ್ಚಿಯನ್ನೂ, ಕೋಲು ಹಿಡಿದವರನ್ನೂ, ಕೂಸಿನ ಗಾಡಿಯನ್ನೂ. ಗಾಲಿಕುರ್ಚಿಗೆ 900 ಮಿ.ಮೀ. ದಾರಿ ಬೇಕೇ ಬೇಕು. ಬೈಕಿನ ಹ್ಯಾಂಡಲ್ 800 ಮಿ.ಮೀ. ಒಳಗೇ ಇರುವುದರಿಂದ ಬರೀ ಅಗಲದಿಂದ ಅದನ್ನು ತಡೆಯಲಾಗದು. ತಡೆಯಬೇಕಾದದ್ದು ಉದ್ದದಿಂದ. ಬೈಕು ಎರಡು ಮೀಟರ್ ಉದ್ದ, ಗಾಲಿಕುರ್ಚಿ ಸುಮಾರು 1.2 ಮೀಟರ್. ಅದಕ್ಕೇ 900 ಮಿ.ಮೀ. ಅಗಲದ ಬಾಗಿಲು, ಅದರ ಹಿಂದೆ 1.5 ಮೀಟರ್ ಚೌಕದ ಜಾಗ, ಎದುರಿಗೆ ಕಬ್ಬಿಣದ ಅಡ್ಡಗಂಬಿ, ಬಲಕ್ಕೆ ತಿರುಗಿದರೆ ಮತ್ತೆ 900 ಮಿ.ಮೀ. ದಾರಿ. ಗಾಲಿಕುರ್ಚಿ ಆ ಚೌಕದಲ್ಲಿ ಪೂರ್ತಿ ತಿರುಗುತ್ತದೆ. ಬೈಕಿನವನು ಇಳಿದು, ಹಿಂದೆ ಮುಂದೆ ತಳ್ಳಿ, ಒದ್ದಾಡಿದರೆ ಹೋಗಬಹುದು, ಸವಾರಿಯಲ್ಲೇ ನುಗ್ಗಲಾಗದು. ಅಷ್ಟು ಸಾಕು.

ಒಂದೂವರೆ ಅಡಿ ಎತ್ತರಕ್ಕೆ ರ‍್ಯಾಂಪ್ ಬೇಕಿತ್ತು. 1ಕ್ಕೆ 12ರ ಇಳಿಜಾರು ಎಂದರೆ 18 ಅಡಿ ಉದ್ದ. ಓಣಿ ಕಿರಿದು, ಹೊರಗೆ ಚಾಚಲು ಜಾಗವಿಲ್ಲ. ಆದ್ದರಿಂದ ಗೋಡೆಯ ಒಳಬದಿಗೆ ನೆಲವನ್ನೇ ಕಡಿದು, ಗೋಡೆಗೆ ಸಮನಾಗಿ ರ‍್ಯಾಂಪ್ ಮಾಡಿದರು. ಅಗಲ ನಾಲ್ಕಡಿ, ಎರಡೂ ಬದಿಗೆ ಹಿಡಿಕಂಬಿ, ಮೇಲ್ಮೈಗೆ ಪೊರಕೆ ಎಳೆದ ಒರಟು ಕಾಂಕ್ರೀಟು. ನುಣ್ಣಗೆ ತೀಡಿದರೆ ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ.

ದಕ್ಷಿಣದ ಗೋಡೆಯನ್ನು ಎರಡೂವರೆ ಅಡಿಗೆ ಇಳಿಸಿ, ಮೇಲೆ ಎರಡೂವರೆ ಅಡಿ ಗ್ರಿಲ್ ಕೂರಿಸಿದರು. ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಕಾಣಬೇಕು. ರಾತ್ರಿ ಕುಡಿಯಲು ಕೂರುತ್ತಿದ್ದದ್ದು ಬೀಗ ಇದ್ದ ಕಾಲದಲ್ಲೇ, ಗೋಡೆ ಹಾರಿ. ಗೋಡೆ ಇಳಿದ ಮೇಲೆ ಆ ಮೂಲೆಗೆ ಮರೆಯೇ ಇಲ್ಲ. ಗಿಡಗಳಿಗೂ ಅದೇ ಲೆಕ್ಕ: ಪೊದೆಯಾದರೆ ಎರಡೂವರೆ ಅಡಿಯ ಕೆಳಗೆ ಕತ್ತರಿಸುವುದು, ಮರವಾದರೆ ಏಳಡಿಯವರೆಗೆ ಕೊಂಬೆ ಇಲ್ಲದಂತೆ ಸವರುವುದು.

ನೀರು, ನೆಲ, ಹಾದಿ

ಓಣಿಗೆ ಹೋಗುವ ಕೆಸರು ನೀರನ್ನು ನಿಲ್ಲಿಸದೆ ಅವರನ್ನು ತೋಟಕ್ಕೆ ಬನ್ನಿ ಎಂದರೆ ಅದು ಮರ್ಯಾದೆಯ ಮಾತಾಗುತ್ತಿರಲಿಲ್ಲ. ಗೋಡೆಯ ತೂತು ಮುಚ್ಚಿ, ಒಳಗೆ ನೀರು ತಡೆಯುವ ಅಗಲ ಕಾಲುವೆ ತೆಗೆಯುವುದೆಂದು ಆಯಿತು. ಉದ್ದ 200 ಅಡಿ, ಅಗಲ ಆರಡಿ, ನಡುವೆ ಆಳ ಒಂದೂವರೆ ಅಡಿ, ದಡ ಇಳಿಜಾರು. ಇದರಲ್ಲಿ ನಿಲ್ಲುವ ನೀರು ಸುಮಾರು 34,000 ಲೀಟರ್. 25 ಮಿ.ಮೀ. ಮಳೆ ಬಿದ್ದರೆ ತೋಟದಿಂದ ಹರಿದು ಬರುವುದು ಸುಮಾರು 32,000 ಲೀಟರ್, ಅಷ್ಟನ್ನೂ ಕಾಲುವೆ ಹಿಡಿಯುತ್ತದೆ. ಅದಕ್ಕಿಂತ ಜೋರಾದರೆ ಹೆಚ್ಚಿನ ನೀರು ಆರಿಂಚಿನ ಪೈಪಿನಲ್ಲಿ ನೇರ ಚರಂಡಿಗೆ ಹೋಗುತ್ತದೆ.

ಎಡವಟ್ಟಾದದ್ದು ಜಾಗ ಆರಿಸುವಲ್ಲಿ. ಮೊದಲ 40 ಅಡಿಯನ್ನು ಗೋಡೆಯ ಬುಡಕ್ಕೇ ತೋಡಿದರು. ಇದು ಎರೆ ನೆಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಎರಡು ಮಳೆಗೆ ಗೋಡೆಯಲ್ಲಿ ಓರೆ ಬಿರುಕು ಕಾಣಿಸಿತು. ಆ 40 ಅಡಿಯನ್ನು ಗರಸು ಮಣ್ಣಿನಿಂದ ಮುಚ್ಚಿ, ಧಮ್ಮಸು ಮಾಡಿ, ಕಾಲುವೆಯನ್ನು ನಡೆಯುವ ಹಾದಿಯ ಒಳಬದಿಗೆ ತಂದರು. ಈಗ ನೀರು ಹಾದಿಗೂ ಗೋಡೆಗೂ ಮುಟ್ಟುವ ಮೊದಲೇ ನಿಲ್ಲುತ್ತದೆ. ಎರೆಯ ಕೆಳಗೆ ಐದಡಿಗೆ ಗರಸಿನ ಪದರ ಸಿಕ್ಕಿತು. ಕಾಲುವೆಯಲ್ಲಿ ಎರಡು ಕಡೆ ಅಲ್ಲಿಯವರೆಗೆ ನೀರು ಇಂಗುವ ಗುಂಡಿ ತೋಡಿ ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿದ್ದಾರೆ. ಮೇಲಿನ ಮರಳಿನ ಪದರವನ್ನು ಪ್ರತಿ ಬೇಸಿಗೆ ಅರ್ಧ ಅಡಿ ತೆಗೆದು ಬದಲಿಸಬೇಕು. ಬದಲಿಸದಿದ್ದರೆ ಎರೆಯ ಜಿಗುಟು ಕೂತು ಗುಂಡಿ ಬರೀ ಕೊಳ ಆಗುತ್ತದೆ.

ಹಾದಿ ಗೋಡೆಯಿಂದ ಎಂಟಡಿ ಒಳಗೆ, ಆರಡಿ ಅಗಲ. ಒಂದು ಸುತ್ತು 770 ಅಡಿ, ಮೀಟರಿನಲ್ಲಿ 235. ನಾಲ್ಕು ಸುತ್ತು ಹಾಕಿದರೆ ಒಂದು ಕಿಲೋಮೀಟರಿಗೆ ಅರವತ್ತು ಮೀಟರ್ ಕಡಿಮೆ. ವಾಕಿಂಗಿನವರು ಇದನ್ನು ಕೇಳಿಯೇ ಕೇಳುತ್ತಾರೆ, ಬೋರ್ಡಿನಲ್ಲಿ ಬರೆದುಬಿಡುವುದು ಮೇಲು. ಪೇವರ್ ಇಟ್ಟಿಗೆ ಹಾಕಿಸಬೇಕೆಂದು ಹಲವರು ಅಂದರು. ಎರೆ ನೆಲದ ಮೇಲೆ ಪೇವರ್ ಹಾಕಬೇಕೆಂದರೆ ಕನಿಷ್ಠ ಒಂದಡಿ ಎರೆ ತೆಗೆದು ಗರಸು ತುಂಬಬೇಕು, ಇಲ್ಲದಿದ್ದರೆ ವರ್ಷದೊಳಗೆ ಇಟ್ಟಿಗೆ ಏಳುತ್ತವೆ, ಮುದುಕರು ಎಡವುತ್ತಾರೆ. ಅಷ್ಟು ದುಡ್ಡಿರಲಿಲ್ಲ. ಆರಿಂಚು ಎರೆ ಕೆರೆದು, ನಾಲ್ಕಿಂಚು ಗಟ್ಟಿಯಾಗುವಂತೆ ಗರಸು ಹಾಸಿ ರೋಲರ್ ಹೊಡೆಸಿ, ಮೇಲೆ ಎರಡಿಂಚು ಸಣ್ಣ ಜಲ್ಲಿಪುಡಿ ಹಾಕಿದರು. ಗರಸೊಂದೇ ಗಟ್ಟಿ ಲೆಕ್ಕಕ್ಕೆ 15 ಬ್ರಾಸ್ ಚಿಲ್ಲರೆ (ಒಂದು ಬ್ರಾಸ್ ಅಂದರೆ 100 ಘನ ಅಡಿ). ಧಮ್ಮಸಿಗೆ ಕುಗ್ಗುವುದರಿಂದ 20 ಬ್ರಾಸ್ ತರಿಸಬೇಕಾಯಿತು. ಕಾಲಿಗೆ ಇದೇ ಹಿತ. ಮಳೆಗಾಲದಲ್ಲಿ ಅಲ್ಲಲ್ಲಿ ಕುಸಿದಲ್ಲಿ ಒಂದೆರಡು ಬುಟ್ಟಿ ಜಲ್ಲಿಪುಡಿ ಹಾಕಿದರೆ ಸರಿಹೋಗುತ್ತದೆ, ಅದಕ್ಕೆ ಕಂಟ್ರಾಕ್ಟರ್ ಬೇಡ.

ಹುಲ್ಲುಹಾಸನ್ನು 2,000 ಚದರ ಮೀಟರಿನಿಂದ 600ಕ್ಕೆ ಇಳಿಸಿದರು. ದಿನದ ನೀರು 3,000 ಲೀಟರಿಗೆ ಬಂತು. ಉಳಿದ ಕಡೆ ಹೊಂಗೆ, ಬೇವಿನ ಸಸಿ, ಬುಡಕ್ಕೆ ಉದುರೆಲೆಯ ಹಾಸು. ಹಾದಿಯ ಮೇಲೆ ಬಾಗಿದ್ದ ಮೂರು ಗುಲ್‌ಮೊಹರ್ ಮರಗಳ ಒಣಕೊಂಬೆ ತೆಗೆಸಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕಾಯಿತು. ಮರಗಳ ರಕ್ಷಣೆಗೆ 1976ರ ಕಾಯ್ದೆಯಿದೆ. ಈ ಕೆಲಸ ಫೆಬ್ರುವರಿಯೊಳಗೆ ಆಗಬೇಕು. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಮೊದಲು ಮುರಿಯುವುದು ಗುಲ್‌ಮೊಹರ್ ಕೊಂಬೆಯೇ.

ದೀಪದ್ದು ಸಣ್ಣ ಮಾತು, ಆದರೂ ತಪ್ಪುವುದು ಇಲ್ಲೇ. ಹಳೆಯ ಎರಡು ಎತ್ತರದ ಕಂಬಗಳ ಬೆಳಕು ಮರದ ನೆತ್ತಿಯ ಮೇಲೇ ಉಳಿದು ಹಾದಿ ಕತ್ತಲಾಗಿತ್ತು. ಎಲೆಯ ಕೆಳಗೆ ಬರುವಂತೆ 11 ಅಡಿಯ ಕಂಬ, 15 ಮೀಟರಿಗೊಂದರಂತೆ 16. ಒದ್ದೆ ನೆಲವಾದ್ದರಿಂದ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಮತ್ತು ಅರ್ಥಿಂಗ್ ಇಲ್ಲದೆ ಕರೆಂಟು ಕೊಡಬಾರದು. ಬೆಸ್ಕಾಂ ಬಿಲ್ಲಿನ ಆರ್‌ಆರ್ ನಂಬರು ಸಂಘದ ಹೆಸರಲ್ಲೇ ಉಳಿದಿತ್ತು. ಡೀಡ್ ಆದ ವಾರವೇ ಅದನ್ನು ಪಾಲಿಕೆಗೆ ಬದಲಿಸಿಕೊಳ್ಳದೆ ಮೂರು ತಿಂಗಳ ಬಿಲ್ಲು ಸಂಘವೇ ಕಟ್ಟಬೇಕಾಯಿತು.

ತೆರೆಯುವವರು ಯಾರು, ಎಷ್ಟು ಹೊತ್ತು

44 ಕೀಲಿಕೈ ವಾಪಸ್ ತೆಗೆದುಕೊಂಡು ಹೊಸ ಬೀಗ ತಂದರು. ಈಗಿರುವುದು ನಾಲ್ಕೇ ಕೀಲಿಕೈ. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಎಂಟರವರೆಗೆ ಹದಿನಾಲ್ಕೂವರೆ ತಾಸು, ಒಬ್ಬ ಮಾಲಿಯ ಕೈಲಿ ಆಗುವ ಕೆಲಸವಲ್ಲ. ಬೆಳಿಗ್ಗೆ ಎರಡೂ ಗೇಟು ತೆಗೆಯುವುದು ಓಣಿಯ ಹೂ ಮಾರುವ ಹೆಣ್ಣುಮಗಳು. ಮಾರ್ಕೆಟ್ಟಿಗೆ ಹೋಗಲು ಅವರು ಹೇಗೂ ಆ ಹೊತ್ತಿಗೆ ಎದ್ದಿರುತ್ತಾರೆ. ರಾತ್ರಿ ಹಾಕುವುದು ಉತ್ತರದ ಮನೆಯೊಂದರ ಕಾವಲಿನವರು. ಇಬ್ಬರಿಗೂ ತಿಂಗಳ ಗೌರವಧನ, ನಿರ್ವಹಣಾ ಒಪ್ಪಂದದಲ್ಲಿ ಬರೆದೇ ಇದೆ. ಒಂದು ಕೀಲಿಕೈ ಓಣಿಗೆ ಹೋಯಿತು ಎಂಬುದು ನಮ್ಮ ಲೆಕ್ಕದಲ್ಲಿ ಡೀಡಿನಷ್ಟೇ ದೊಡ್ಡ ಸಂಗತಿ.

ಹೊತ್ತಿನ ವಿಷಯದಲ್ಲಿ ಮೊದಲು ಎಲ್ಲ ಪಾರ್ಕುಗಳ ಹಾಗೆ ಬೆಳಿಗ್ಗೆ ಹತ್ತಕ್ಕೆ ಮುಚ್ಚಿ ಸಂಜೆ ನಾಲ್ಕಕ್ಕೆ ತೆಗೆಯುತ್ತಿದ್ದರು. ಇದು ವಾಕಿಂಗಿನವರ ಗಡಿಯಾರ. ಮಾರ್ಚ್ ಕೊನೆಗೆ ಬಿಸಿಲು 38 ಡಿಗ್ರಿ ಮುಟ್ಟಿದಾಗ ದಕ್ಷಿಣದ ಗ್ರಿಲ್ಲಿಗೆ ಆತು, ಹೊರಗೆ ಬುತ್ತಿ ಬಿಚ್ಚಿ ಕೂತಿದ್ದ ಗಾರೆ ಕೆಲಸದವರನ್ನು ನೋಡಿದ ಮೇಲೆ ಮೂರು ವಾರ ಮಧ್ಯಾಹ್ನವೂ ತೆರೆದು ನೋಡೋಣ ಎಂದರು. ಮಾಲಿ ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ಆರಕ್ಕೆ ಎಷ್ಟು ಮಂದಿ ಇದ್ದಾರೆಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಿಡುತ್ತಿದ್ದರು. ಮಧ್ಯಾಹ್ನ ಬಂದವರು ಬೇರೆಯೇ ಮಂದಿ: ಸೊಪ್ಪು ಮಾರುವವರು, ಆಟೋದವರು, ಮನೆಯಲ್ಲಿ ಫ್ಯಾನಿಲ್ಲದ ಬಾಣಂತಿಯರು, ಪರೀಕ್ಷೆಗೆ ಓದುವ ಹುಡುಗರು. ಆಮೇಲೆ ಯಾರೂ ಮುಚ್ಚುವ ಮಾತೆತ್ತಲಿಲ್ಲ. ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನು 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಆದೇಶವಾದದ್ದು ಸಭೆಯಲ್ಲಿ ಉಪಯೋಗಕ್ಕೆ ಬಂತು.

ಅಂಜಿದ್ದರಲ್ಲಿ ಆದದ್ದೆಷ್ಟು

ಕಳ್ಳತನವಾಗುತ್ತದೆ ಎಂದಿದ್ದರು, ಆಗಲಿಲ್ಲ. ಜೋಡಿಗಳು ಬಂದು ಕೂರುತ್ತಾರೆ ಎಂದಿದ್ದರು, ಬಂದು ಕೂರುತ್ತಾರೆ. ಅವರಿಂದ ಯಾರಿಗೂ ತೊಂದರೆಯಿಲ್ಲ. ಅವರನ್ನು ಎಬ್ಬಿಸುವ ಕೆಲಸ ಮಾಲಿಯದಲ್ಲ ಎಂದು ಬರೆದಿಡಬೇಕಾಯಿತು. ಕ್ರಿಕೆಟ್ಟಿನಿಂದ ಕಿಟಕಿ ಗಾಜು ಒಡೆದದ್ದು ನಿಜ, ಎರಡು ಸಲ. ‘ಕ್ರಿಕೆಟ್ ನಿಷೇಧ’ ಎಂದು ಬೋರ್ಡು ಹಾಕಿದರೆ ಓಣಿಯ ಹುಡುಗರಿಗೆ ತೋಟ ಮತ್ತೆ ಮುಚ್ಚಿದಂತೆಯೇ. ಅವರನ್ನೇ ಕರೆದು ಕೇಳಿದಾಗ ರಬ್ಬರ್ ಚೆಂಡು, ಅಂಡರ್ ಆರ್ಮ್ ಬೌಲಿಂಗ್, ಹಾದಿ ದಾಟಿದರೆ ಔಟ್ ಎಂಬ ನಿಯಮಗಳು ಅವರ ಬಾಯಿಂದಲೇ ಬಂದವು.

ಯಾರೂ ಎಣಿಸದೆ ಇದ್ದದ್ದು ಮಂಡಕ್ಕಿ-ಮಿರ್ಚಿ ಗಾಡಿ. ದಕ್ಷಿಣದ ಗೇಟು ತೆರೆದ ಎರಡೇ ವಾರಕ್ಕೆ ಎರಡು ಗಾಡಿ ಬಂದು ನಿಂತವು, ಎಣ್ಣೆ ಮೆತ್ತಿದ ಪೇಪರು ಕಾಲುವೆ ತುಂಬ. ಎಬ್ಬಿಸಿ ಕಳಿಸುವುದು ಸರಿಯಲ್ಲ, ಬೀದಿ ವ್ಯಾಪಾರಿಗಳಿಗೆ 2014ರ ಕಾಯ್ದೆಯ ರಕ್ಷಣೆಯೂ ಇದೆ. ಗೇಟಿನಿಂದ 20 ಅಡಿ ಆಚೆ ಜಾಗ ಗುರುತು ಮಾಡಿ, ಗಾಡಿಗೊಂದು 100 ಲೀಟರಿನ ಡ್ರಮ್ಮು ಅವರದೇ ಹೊಣೆ ಎಂದಾಯಿತು. ಒಳಗಿನ ಕಸದ ಡಬ್ಬಿಗಳನ್ನು ಬೆಂಚುಗಳ ಪಕ್ಕದಿಂದ ತೆಗೆದು ಎರಡೂ ಗೇಟಿನ ಹತ್ತಿರ ಇಟ್ಟರು. ತಿಂದವರು ಹೊರಗೆ ಹೋಗುವಾಗಲೇ ಡಬ್ಬಿ ಹುಡುಕುವುದು, ಬೆಂಚಿನ ಪಕ್ಕ ಇಟ್ಟರೆ ನಾಯಿಗಳು ಎಳೆದಾಡುತ್ತವೆ. ನಾಯಿಗಳ ವಿಷಯದಲ್ಲಿ 2023ರ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಆಪರೇಷನ್ ಮಾಡಿಸಿ ಅದೇ ಜಾಗಕ್ಕೆ ಬಿಡಬೇಕು. ಅನ್ನ ಹಾಕುವ ಜಾಗವನ್ನು ಮಕ್ಕಳು ಆಡುವ ಕಡೆಯಿಂದ ದೂರ, ಪಂಪಿನ ಗೂಡಿನ ಹಿಂದಕ್ಕೆ ಬದಲಿಸಿದ್ದಾರೆ.

ಬಾಕಿ ಇರುವುದು ಶೌಚಾಲಯ. ಮೊದಲ ನಕ್ಷೆಯಲ್ಲಿ ಅದು ಉತ್ತರದ ಗೇಟಿನ ಪಕ್ಕ ಇತ್ತು. ಆದರೆ ಉತ್ತರದ ರಸ್ತೆಯ ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲು ತೋಟದ ನೆಲಕ್ಕಿಂತ ಮೇಲೆ, ನೀರು ಏರಿ ಹರಿಯುವುದಿಲ್ಲ. ಓಣಿಯ ಲೈನು ತಗ್ಗಿನಲ್ಲಿದೆ. ನಾಲ್ಕಿಂಚಿನ ಪೈಪಿಗೆ 60ಕ್ಕೆ 1ರ ಇಳಿಜಾರು ಕೊಟ್ಟರೆ 90 ಅಡಿಗೆ ಒಂದೂವರೆ ಅಡಿ ಬೇಕು, ಅದು ದಕ್ಷಿಣಕ್ಕೆ ಸಲೀಸಾಗಿ ಸಿಗುತ್ತದೆ. ಜಾಗವನ್ನು ಓಣಿ ಕಡೆಯ ಗೇಟಿನ ಬಲಕ್ಕೆ ಗುರುತು ಮಾಡಿ, ನಾಲ್ಕು ಮೂಲೆಗೆ ಗೂಟ ಹೊಡೆದಿದ್ದಾರೆ. ಬಾಗಿಲು ಯಾವ ಕಡೆಗಿರಬೇಕು, ತೊಳೆಯುವವರ ಕೂಲಿ ಯಾವ ಲೆಕ್ಕದಿಂದ ಬರಬೇಕು ಎಂಬ ಎರಡು ಮಾತು ಮುಂದಿನ ಸಭೆಗಿವೆ. ಆ ಸಭೆಯ ನೋಟಿಸು ಮೊದಲ ಬಾರಿಗೆ ಓಣಿಯ ಮನೆಗಳಿಗೂ ಹೋಗಿದೆ.